ಐದು ರೆಕ್ಕೆಯ ಫ್ಯಾನು

ಫ್ಯಾನು ರಿಪೇರಿಗೆ ತಂದವರು ಪಾಠ ಕೇಳದೆ ಹೋಗುವಂತಿರಲಿಲ್ಲ. ಅದಕ್ಕೇ ಆ ರಿಪೇರಿಯವನಿಗೆ ಗಾಳಿ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. "ರೆಕ್ಕೆ ಜಾಸ್ತಿ ಆದ್ರೆ ಗಾಳಿ ಜಾಸ್ತಿ ಅಂತ ಯಾರ್ರೀ ಹೇಳಿದ್ದು?" ಎಂದು ಶುರು ಮಾಡಿದನೆಂದರೆ ಮುಗಿಯಿತು. ಮೂರು ರೆಕ್ಕೆಯಾದರೆ ಹಗುರ, ಜೋರಾಗಿ ತಿರುಗುತ್ತದೆ, ಗಾಳಿಯೂ ಹೆಚ್ಚು, ಗಲಾಟೆಯೂ ಹೆಚ್ಚು. ಐದಾದರೆ ಮೋಟರಿಗೆ ಭಾರ, ನಿಧಾನ, ಆದರೆ ತೆಪ್ಪಗಿರುತ್ತದೆ. ಗಿರಾಕಿಗಳು ತಲೆಯಾಡಿಸಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಕೊನೆತನಕ ಕೇಳುತ್ತಿದ್ದವಳು ಹೆಂಡತಿಯೊಬ್ಬಳೇ. ಪಾಪ, ಅವಳಾದರೂ ಎಲ್ಲಿಗೆ ಹೋದಾಳು?

ಆ ಹೆಂಡತಿ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ಬೆನ್ನುಮೂಳೆಗಿಳಿದ ಕಾಯಿಲೆ, ಡಾಕ್ಟರು ಕೈಚೆಲ್ಲಿದ್ದರು. "ನೋವಿದೆಯಾ?" ಎಂದರೆ "ಅಯ್ಯೋ, ಇಲ್ಲಪ್ಪ, ನಿಮ್ಮದೊಂದು" ಎನ್ನುತ್ತಿದ್ದಳು. ನಂಬುವುದು ಸುಲಭವಾಗಿತ್ತು, ಅವನು ನಂಬಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದ. ಮೇಲೆ ಮೂರು ರೆಕ್ಕೆಯ ಹಳೇ ಫ್ಯಾನು ಗಡಗಡ ಅನ್ನುತ್ತಿತ್ತು. ಊರವರ ಫ್ಯಾನೆಲ್ಲ ಸರಿ ಮಾಡುವವನ ಮನೆಯ ಫ್ಯಾನಿಗೆ ಆ ಗತಿ.

ದಿನದಿನಕ್ಕೆ ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತು. ಫ್ಯಾನಿನ ಈ ಗಲಾಟೆಗೇ ಅವಳಿಗೆ ನಿದ್ದೆ ಹತ್ತುತ್ತಿಲ್ಲ ಎಂದು ಅವನು ತೀರ್ಮಾನಿಸಿದ. ಫ್ಯಾನಿನವನ ತಲೆಗೆ ಫ್ಯಾನಲ್ಲದೆ ಇನ್ನೇನು ಹೊಳೆದೀತು!

ತಗಡಿನಲ್ಲಿ ಐದು ರೆಕ್ಕೆ ಕತ್ತರಿಸಿದ. ಮೊದಲ ಸಲ ಅಂಗಡಿಯಲ್ಲಿದ್ದ ಒಂದು ಮೋಟರಿಗೆ ಮೂರು ರೆಕ್ಕೆಯವುಗಳಷ್ಟೇ ಓರೆಯಾಗಿ ಕೂರಿಸಿದ್ದಕ್ಕೆ ಅದು ಕಾದು ಕೆಂಡವಾಯಿತು. ಗಿರಾಕಿಗಳಿಗೆ ಹೇಳುವ ಪಾಠ ತನಗೇ ಮರೆತಿತ್ತು. ರೆಕ್ಕೆಗಳ ಅಗಲ ಕಿರಿದು ಮಾಡಿ, ಓರೆ ತಗ್ಗಿಸಿ, ಐದೂ ತಕ್ಕಡಿಯಲ್ಲಿ ಒಂದೇ ತೂಕ ತೂಗುವವರೆಗೆ ಅರದಿಂದ ಉಜ್ಜಿದ. ಎಂಟು ದಿನ ಹಿಡಿಯಿತು.

ಒಂದು ಮಧ್ಯಾಹ್ನ ಅದನ್ನು ಮನೆಯಲ್ಲಿ ಏರಿಸಿ ಸ್ವಿಚ್ಚು ಒತ್ತಿದ. ಗೋಡೆಯ ಕ್ಯಾಲೆಂಡರು ಅಲುಗಿತು, ಸದ್ದಿಲ್ಲ.

"ಹೇಗಿದೆ?"

"ಚೆನ್ನಾಗಿದೆ ರೀ. ಇದೆಯೋ ಇಲ್ವೋ ಗೊತ್ತೇ ಆಗಲ್ಲ," ಎಂದಳು. ಅವಳ ಮುಖ ಯಾಕೋ ಇಳಿದಿತ್ತು.

ಅವನು ಹೆಮ್ಮೆಯಿಂದ ಚಾಪೆಯ ಮೇಲೆ ಉರುಳಿದ. ಸ್ವಲ್ಪ ಹೊತ್ತಿಗೆ ಸಣ್ಣಗೆ ಕುಯ್ಯೆಂಬ ಸದ್ದು ಕೇಳಿಸಿತು. ಬೇರಿಂಗು ಕೈಕೊಟ್ಟಿತೇ ಎಂದು ಕಿವಿಗೊಟ್ಟ. ಆದರೆ ಸದ್ದು ರೆಕ್ಕೆ ತಿರುಗುವ ಲಯಕ್ಕೆ ತಾಳೆಯಾಗಲಿಲ್ಲ. ಅದು ಬರುತ್ತಿದ್ದುದು ಮಂಚದಿಂದ. ಎದ್ದು ನೋಡಿದರೆ ಅವಳು ಹೊದಿಕೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

"ಎಷ್ಟು ದಿನದಿಂದ?" ಎಂದ.

"ಮೊದಲಿಂದಾನೂ," ಎಂದಳು. "ಹಳೇದನ್ನೇ ಹಾಕ್ಬಿಡಿ. ಅದರಡಿ ನರಳಿದ್ರೆ ನಿಮಗೆ ಕೇಳಿಸ್ತಿರ್ಲಿಲ್ಲ."

"ಕೇಳಿಸ್ಲಿ ಬಿಡೇ. ನಾನೇನು ಹೊರಗಿನವನಾ?"

"ನೀವು ಕೇಳಿಸ್ಕೋತಿದ್ದೀರಿ ಅಂದ್ರೆ ಬಾಯಿ ಕಟ್ಟಿದಂಗಾಗುತ್ತೆ ರೀ. ನರಳೋಕಾದ್ರೂ ಬಿಡಿ ನನ್ನ."

ಅವನು ಸ್ಟೂಲು ಹತ್ತಿದ. ನಾಲ್ಕು ತಿಂಗಳು ಪಕ್ಕದಲ್ಲೇ ಗೊರಕೆ ಹೊಡೆದದ್ದು ನೆನೆದು ನಾಚಿಕೆಯಾಗಿ, ಅಳು ಬಂದು, ಸ್ಕ್ರೂ ಎರಡು ಸಲ ಕೈಜಾರಿತು. ಹಳೇ ಫ್ಯಾನು ಮತ್ತೆ ಗಡಗಡ ಅಂದಿತು. ಅವಳು ಗೋಡೆಯ ಕಡೆ ಹೊರಳಿ, ಹೊದಿಕೆಯ ತುದಿಯನ್ನು ಬಾಯಿಂದ ಬಿಟ್ಟಳು.

ಅವನು ಮಂಚದಂಚಿಗೆ ಕೂತು ಅವಳ ಬೆನ್ನ ಮೇಲೆ ಅಂಗೈ ಇಟ್ಟ. ಕಿವಿಗೆ ಏನೂ ಬೀಳಲಿಲ್ಲ. ಅಂಗೈಗೆ ಮಾತ್ರ ಒಂದೊಂದು ನರಳಿಕೆಯೂ ತಿಳಿಯುತ್ತಿತ್ತು.

"ಮಲಗ್ಲಿಲ್ವಾ?" ಎಂದು ಅವಳು ಫ್ಯಾನಿನ ಸದ್ದನ್ನು ಮೀರಿ ಕೂಗಿ ಕೇಳಿದಳು.

"ಮಲಗಿದ್ದೀನಿ ಕಣೇ," ಎಂದ. ಕೈ ತೆಗೆಯಲಿಲ್ಲ.