ಘಟ್ಟದ ನೆತ್ತಿಯಲ್ಲಿ ಬಿದ್ದ ಚೈನು

ಚೈನು ಬಿದ್ದ ಕ್ಷಣದಲ್ಲಿ ಸವಾರನ ಕಾಲುಗಳನ್ನು ನೋಡಬೇಕು. ಅಲ್ಲಿಯವರೆಗೆ ಮೈಯ ಬಲವನ್ನೆಲ್ಲ ಹೀರಿಕೊಂಡು ಭಾರವಾಗಿ ಇಳಿಯುತ್ತಿದ್ದ ಪೆಡಲ್ಲು ಒಮ್ಮೆಲೇ ಹಗುರಾಗುತ್ತದೆ. ಎರಡೂ ಕಾಲು ಗಾಳಿಯಲ್ಲಿ ಗಿರ್ರನೆ ತಿರುಗಿಬಿಡುತ್ತವೆ. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟವನು ಬೆಚ್ಚುವಂತೆ ಸವಾರನ ಇಡೀ ಮೈ ಬೆಚ್ಚುತ್ತದೆ. ಇಪ್ಪತ್ತೆಂಟು ವರ್ಷ ಸೈಕಲ್ ರೇಸಿನ ಮಿಸ್ತ್ರಿಯಾಗಿದ್ದ ನಾನು ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದು ಸಲ ಮಾತ್ರ, ಚೈನು ಬಿದ್ದರೂ ಕಾಲು ತಿರುಗಲಿಲ್ಲ.

ಆಗ ನಾನು ಸಕ್ಕರೆ ಕಾರ್ಖಾನೆಯೊಂದು ಕಟ್ಟಿದ್ದ ತಂಡದಲ್ಲಿದ್ದೆ. ಏಳು ಮಂದಿ ಸವಾರರು. ಸೈಕಲ್ ತುಳಿಯುವುದೇ ಅವರ ನೌಕರಿ. ಅವರಲ್ಲಿ ರೇವಣಸಿದ್ದ ಎಂಬ ಇಪ್ಪತ್ನಾಲ್ಕರ ತರುಣನನ್ನು ಏರು ಹತ್ತುವುದರಲ್ಲಿ ಮೀರಿಸುವವರು ಸುತ್ತಿನ ಯಾವ ತಂಡದಲ್ಲೂ ಇರಲಿಲ್ಲ. ತೆಳ್ಳನೆಯ ಮೈ, ಕಡಿಮೆ ಮಾತು. ಅವನ ಓಣಿಯವನೇ ಆದ ದಸ್ತಗೀರನೂ ನಮ್ಮ ತಂಡದಲ್ಲಿದ್ದ. ಇಬ್ಬರದೂ ಒಂದೇ ಕೋಣೆ, ಒಂದೇ ತಾಟಿನಲ್ಲಿ ಊಟ. ಹಿಂದಿನ ವರ್ಷ ಊರಾಚೆಯ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ದಸ್ತಗೀರ ರಸ್ತೆ ಬಿಟ್ಟು ಕಂದಕಕ್ಕೆ ಬಿದ್ದು ತೀರಿಕೊಂಡ. ರಸ್ತೆಯ ಮೇಲೆ ಜಲ್ಲಿ ಕಡಿ ಬಿದ್ದಿತ್ತು, ಜಾರಿದ ಎಂದರು. ಅವನ ಬೆನ್ನಿಗೇ ಇದ್ದವನು ರೇವಣಸಿದ್ದ. ಹದಿನೈದನೆಯ ದಿನ ಅವನು ಮತ್ತೆ ಸೈಕಲ್ ಹತ್ತಿದ. ಗಟ್ಟಿ ಹುಡುಗ ಎಂದು ನಾವೆಲ್ಲ ಹೇಳಿದೆವು. ಅಷ್ಟು ಹೇಳಿ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಮರುವರ್ಷ ತಂಡದ ಮ್ಯಾನೇಜರ್ ಪಡಸಲಗಿಯವರು ಹೊಸ ಏರ್ಪಾಟು ತಂದರು. ರೇಸಿನ ಸೈಕಲ್ಲಿಗೆ ಪೆಡಲಿನ ಬಳಿ ದೊಡ್ಡದೊಂದು, ಸಣ್ಣದೊಂದು, ಹೀಗೆ ಎರಡು ಹಲ್ಲುಚಕ್ರ ಇರುವುದು ವಾಡಿಕೆ. ಅದರ ಬದಲು ಒಂದೇ ಚಕ್ರ. ಭಾರ ಕಡಿಮೆ, ಕೆಡುವುದಕ್ಕೂ ಏನಿಲ್ಲ. ಅದರ ಹಲ್ಲುಗಳು ಒಂದು ದಪ್ಪ ಒಂದು ತೆಳು. ಚೈನು ಅದನ್ನು ಕಚ್ಚಿ ಕೂತರೆ ಬೀಳುವುದಿಲ್ಲ ಎಂದು ಮಾರಿದವರು ಹೇಳಿದ್ದರು. ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಎರಡು ಚಕ್ರವಿದ್ದಾಗ ಚೈನನ್ನು ಆಚೀಚೆ ದಾಟಿಸುವ ಗೇರಿನ ಪಂಜರವೇ ಅದಕ್ಕೆ ಕಾವಲಾಗಿರುತ್ತದೆ. ಒಂದೇ ಚಕ್ರವಾದರೆ ಆ ಕಾವಲೂ ಹೋಗುತ್ತದೆ. ಆದರೂ ಒಪ್ಪಿದೆ.

ವರ್ಷದ ಮೊದಲ ಘಟ್ಟದ ರೇಸಿನಲ್ಲಿ ರೇವಣಸಿದ್ದ ಎಲ್ಲರನ್ನೂ ಹಿಂದೆ ಹಾಕಿ ನೆತ್ತಿ ತಲುಪಿದ್ದ. ಅಲ್ಲಿ ಚೈನು ಬಿತ್ತು. ನಮ್ಮ ಕಾರು ಹೋಗುವಷ್ಟರಲ್ಲಿ ಅವನು ಸೈಕಲ್ ಹಿಡಿದು ರಸ್ತೆಬದಿ ನಿಂತಿದ್ದ. ನಾನು ಚೈನು ಏರಿಸುವಾಗ ಹಿಂದಿನ ಗುಂಪು ನಮ್ಮನ್ನು ದಾಟಿಹೋಯಿತು.

ತಪ್ಪು ನನ್ನದೇ ಇರಬೇಕೆಂದುಕೊಂಡೆ. ಚಕ್ರದ ಮೇಲೆ ಚೈನು ಹಾರದಂತೆ ಪುಟ್ಟದೊಂದು ತಡೆಪಟ್ಟಿ ಕೂಡಿಸಿದೆ. ಅದರ ಬೋಲ್ಟನ್ನು ಬಿಗಿಯಾಗಿ ತಿರುಗಿಸಿ, ನನ್ನ ಮಗಳ ಉಗುರುಬಣ್ಣದಿಂದ ಬೋಲ್ಟಿನ ತಲೆಗೂ ಪಟ್ಟಿಗೂ ಸೇರಿಸಿ ಒಂದು ಕೆಂಪು ಗೆರೆ ಎಳೆದೆ. ಬೋಲ್ಟು ಕದಲಿದರೆ ಗೆರೆ ಒಡೆಯುತ್ತದೆ. ಎರಡನೆಯ ರೇಸಿನಲ್ಲಿ, ಬೇರೊಂದು ಘಟ್ಟದ ನೆತ್ತಿಯಲ್ಲಿ, ಮತ್ತೆ ಚೈನು ಬಿತ್ತು. ಪಟ್ಟಿ ಸಡಿಲಾಗಿ ಪಕ್ಕಕ್ಕೆ ತಿರುಗಿತ್ತು. ಕೆಂಪು ಗೆರೆ ನಡುವೆ ಒಡೆದಿತ್ತು.

"ಬಿಗಿ ಮಾಡಿದ್ದೆರಿ ಸರ್," ಎಂದೆ.

"ಹಂಗಾದ್ರ ಗಾಳಿ ಬಂದು ಬಿಚ್ಚಿತೇನ್ರಿ ಮಿಸ್ತ್ರಿ?" ಎಂದರು ಪಡಸಲಗಿ. ಸವಾರರೆಲ್ಲ ಅಲ್ಲೇ ಇದ್ದರು. ರೇವಣಸಿದ್ದ ತಲೆ ತಗ್ಗಿಸಿ ಶೂ ಬಿಚ್ಚುತ್ತಿದ್ದ.

ಯಾರೋ ಬೇಕೆಂದೇ ಬಿಚ್ಚುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಎದುರು ತಂಡದವರ ಮೇಲೆ ಅನುಮಾನ ಬಂತು. ನಮ್ಮವರ ಮೇಲೂ ಬಂತು. ಬೇರೆ ಏನೇನನ್ನೋ ಗಮನಿಸಿದೆ. ಉಳಿದವರಿಗಿಂತ ರೇವಣಸಿದ್ದನ ಬ್ರೇಕಿನ ರಬ್ಬರು ಎರಡು ಪಟ್ಟು ಬೇಗ ಸವೆಯುತ್ತಿತ್ತು, ಅದನ್ನೂ ನೋಡಿದ್ದೆ, ಹೊಸದು ಹಾಕಿ ಸುಮ್ಮನಾಗಿದ್ದೆ. ಸೈಕಲ್ಲನ್ನು ಹಲ್ಲು ಹಲ್ಲಾಗಿ ಪರೀಕ್ಷಿಸಿದ ನಾನು ಅದರ ಮೇಲೆ ಕೂತವನನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ.

ವರ್ಷದ ಕೊನೆಯ ಎರಡು ರೇಸುಗಳು ನಮ್ಮೂರಿನಲ್ಲೇ, ಒಂದರ ಮರುದಿನ ಇನ್ನೊಂದು, ದಸ್ತಗೀರ ಬಿದ್ದ ಅದೇ ಘಟ್ಟದಲ್ಲಿ ನಡೆಯುವುದಿತ್ತು. ಮೊದಲ ದಿನ ಬೆಳಿಗ್ಗೆ ನಾನೇ ಪಟ್ಟಿ ಬಿಗಿದು, ಗೆರೆ ಎಳೆದು, ಸೀಟಿ ಊದುವವರೆಗೆ ಆ ಸೈಕಲ್ಲನ್ನು ಬಿಟ್ಟು ಕದಲಲಿಲ್ಲ. ಹೊರಡುವಾಗ ಗೆರೆ ಅಖಂಡವಾಗಿತ್ತು.

ಏರಿನಲ್ಲಿ ರೇವಣಸಿದ್ದ ಒಬ್ಬನೇ ಮುಂದೆ ಹೋದ. ನಮ್ಮ ಕಾರು ಅವನ ಹಿಂದೆ ಹತ್ತುತ್ತಿತ್ತು. ಪಡಸಲಗಿಯವರು ಕಾರು ಓಡಿಸುತ್ತ ರೇಡಿಯೋದಲ್ಲಿ ಉಳಿದ ಸವಾರರ ಜೊತೆ ಮಾತಾಡುತ್ತಿದ್ದರು. ನಾನು ಅವನ ಕಾಲುಗಳನ್ನೇ ನೋಡುತ್ತಿದ್ದೆ. ಏರು ಮುಗಿದು ರಸ್ತೆ ಮಟ್ಟವಾಗುವ ಜಾಗ ಬಂತು. ರೇವಣಸಿದ್ದ ಅಂಗಿಯ ಹಿಂಜೇಬಿಗೆ ಕೈ ಹಾಕಿದ. ತಿನ್ನಲು ಏನೋ ತೆಗೆಯುತ್ತಾನೆ ಎಂದುಕೊಂಡೆ. ಕೈ ಬಾಯಿಗೆ ಹೋಗಲಿಲ್ಲ. ಕೆಳಗೆ, ಹಲ್ಲುಚಕ್ರದ ಬಳಿಗೆ ಹೋಯಿತು. ಮಣಿಕಟ್ಟು ಎರಡು ಸಲ ತಿರುಗಿತು. ಆಮೇಲೆ ಅವನು ತುಳಿಯುವುದನ್ನು ನಿಲ್ಲಿಸಿ, ಹಿಮ್ಮಡಿಯಿಂದ ಚೈನನ್ನು ಒಳಕ್ಕೆ ಒತ್ತಿ, ಪೆಡಲನ್ನು ಅರ್ಧ ಸುತ್ತು ಹಿಂದಕ್ಕೆ ಆಡಿಸಿದ.

ಚೈನು ಬಿತ್ತು. ಕಾಲು ಗಾಳಿಯಲ್ಲಿ ತಿರುಗಲಿಲ್ಲ. ಮೈ ಬೆಚ್ಚಲಿಲ್ಲ. ಅವನು ಮೆಲ್ಲನೆ ಬದಿಗೆ ಸರಿದು, ಕೆಳಗಿಳಿದು, ಕೈ ಎತ್ತಿದ.

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಪಡಸಲಗಿ ಸ್ಟೀರಿಂಗಿಗೆ ಗುದ್ದಿ ಏನೇನೋ ಅನ್ನುತ್ತಿದ್ದರು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಕಾರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ಇಳಿದು ಅವನ ಮುಂದೆ ಮೊಣಕಾಲೂರಿದೆ. ಅವನ ಬೆರಳುಗಳಿಗೆ ಕಪ್ಪು ಎಣ್ಣೆ ಹತ್ತಿತ್ತು. ತಲೆ ಎತ್ತಿ ನೋಡಿದೆ. ನಾನು ಕಂಡಿದ್ದೇನೆ ಎಂದು ಅವನಿಗೆ ಗೊತ್ತಾಯಿತು.

"ಕಾಕಾ," ಎಂದ.

ಗುಂಪು ದಾಟಿತು. ಗುಂಪಿನ ಕೊನೆಯವನೂ ದಾಟಿದ ಮೇಲೆ ಅವನು ಸೈಕಲ್ ಹತ್ತಿ, ಎರಡೂ ಬ್ರೇಕು ಹಿಡಿದುಕೊಂಡು, ಘಟ್ಟ ಇಳಿದ.

ಮಧ್ಯಾಹ್ನ ಪಡಸಲಗಿಯವರು ನನ್ನನ್ನು ಕರೆದರು. "ನಾಳಿನ ರೇಸಿಗೆ ಇನ್ನೊಬ್ರು ಸಿಗೂದಿಲ್ಲ. ನಾಳೆ ಒಂದಿನ ಮಾಡ್ರಿ. ಮುಂದ ಬರಬ್ಯಾಡ್ರಿ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ನಾನು ಕಂಡದ್ದನ್ನು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಹೇಳದೆ ಇದ್ದದ್ದು ಒಳ್ಳೆಯತನದಿಂದ ಎಂದು ಈಗ ಹೇಳಿಕೊಳ್ಳಲಾರೆ. ಕಂಡದ್ದನ್ನು ನಾನೇ ಇನ್ನೂ ನಂಬಿರಲಿಲ್ಲ.

ತಂಡ ಇರುತ್ತಿದ್ದ ಕಟ್ಟಡದ ಹಿಂದಿನ ನಲ್ಲಿಯ ಹತ್ತಿರ ರೇವಣಸಿದ್ದ ಸಿಕ್ಕ. ಸೋಪು ಹಚ್ಚಿ ಬೆರಳು ಉಜ್ಜುತ್ತಿದ್ದ. ಎಷ್ಟು ಹೊತ್ತಿನಿಂದ ಉಜ್ಜುತ್ತಿದ್ದನೋ, ಚರ್ಮ ಕೆಂಪಾಗಿತ್ತು.

"ನೋಡಿದ್ರಿ ಹೌದಲ್ಲ ಕಾಕಾ?"

"ನೋಡಿದೆ. ಮೂರು ಸಲಾನೂ ನೀನ?"

"ಹೌದ್ರಿ."

"ಯಾಕೊ? ಯಾರರ ಹೇಳಿಕೊಟ್ರೇನು?"

"ಯಾರೂ ಇಲ್ರಿ." ಅವನು ನಲ್ಲಿ ಬಂದ್ ಮಾಡಿದ. "ಏರು ಹತ್ತತೀನ್ರಿ, ಏನೂ ಆಗೂದಿಲ್ಲ. ತುದೀಗಿ ಹೋದಕೂಡ್ಲೆ ಕೆಳಗಿನ ರಸ್ತಾ ಕಾಣತೈತಲ್ರಿ, ಆವಾಗ ಕೈ ಸೆಟದ ಹೋಗ್ತಾವ. ಹಿಂದಿಂದ ಎಲ್ಲಾರೂ ಬರಾಕತ್ತಿರ್ತಾರ. ನಿಂತ್ರ ಯಾಕ ನಿಂತಿ ಅಂತಾರ. ಚೈನು ಬಿದ್ರ ಯಾರೂ ಕೇಳೂದಿಲ್ಲ."

"ನನ್ನ ಕೇಳತಾರಲ್ಲೊ," ಎಂದೆ. ದನಿ ನನಗೆ ಗೊತ್ತಿಲ್ಲದೆ ಏರಿತು. "ಇಪ್ಪತ್ತೆರಡು ವರ್ಷದ ಹೆಸರು ನಂದು. ಅದನ್ನ ನೆತ್ತಿ ಮ್ಯಾಲಿಂದ ಕೆಡವಿದಿ ನೀ."

"ಗೊತ್ತೈತ್ರಿ ಕಾಕಾ," ಎಂದ. "ಅದಕ್ಕ ನಿಮ್ಮ ಮಾರಿ ನೋಡಾಕ ಆಗೂದಿಲ್ಲ ನನಗ."

ಅವನು ಜೇಬಿನಿಂದ ಸಣ್ಣದೊಂದು ಕೀಲಿ ತೆಗೆದು ನನ್ನತ್ತ ಚಾಚಿದ. ಬೋಲ್ಟು ಬಿಚ್ಚುವ, ಬೆರಳಿನಷ್ಟೇ ಉದ್ದದ ಕೀಲಿ. ನನ್ನ ಡಬ್ಬಿಯಿಂದಲೇ ಹೋದದ್ದು. ನಾನು ತೆಗೆದುಕೊಳ್ಳಲಿಲ್ಲ.

"ನಾಳೆ ನಾ ಬೋಲ್ಟು ಬಿಗೀತೀನಿ," ಎಂದೆ. "ಕೀಲಿ ನಿನ್ನ ಕಡೆನ ಇರಲಿ. ನಾ ಯಾರಿಗೂ ಹೇಳೂದಿಲ್ಲ. ಹೇಳೂದು ನಿನ್ನ ಕೆಲಸ."

ಮರುದಿನ ಅವನು ಮತ್ತೆ ಒಬ್ಬನೇ ಮುಂದೆ ಹೋದ. ಅಷ್ಟು ಚಂದದ ಸವಾರಿಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ರಸ್ತೆ ಮಟ್ಟವಾಗುವ ಜಾಗ ಬಂತು. ಅವನ ಕೈ ಹಿಂಜೇಬಿಗೆ ಹೋಯಿತು. ಅಲ್ಲೇ ನಿಂತಿತು. ಮತ್ತೆ ಹಿಡಿಕೆಗೆ ಬಂತು. ನಾಲ್ಕೈದು ಸಲ ತುಳಿದ. ಕೆಳಗಿನ ರಸ್ತೆ ಕಾಣುವಲ್ಲಿ ಬ್ರೇಕು ಹಾಕಿ, ಒಂದು ಕಾಲನ್ನು ನೆಲಕ್ಕೆ ಊರಿದ.

ನಾನು ಓಡಿದೆ. ರಿಪೇರಿ ಮಾಡುವುದಕ್ಕೆ ಏನೂ ಇರಲಿಲ್ಲ. ಕೆಂಪು ಗೆರೆ ಹಾಗೇ ಇತ್ತು; ಚೈನು ಹಲ್ಲು ಹಲ್ಲಿಗೂ ಕೂತಿತ್ತು. ಪಡಸಲಗಿಯವರು ರೇಡಿಯೋ ಕೈಯಲ್ಲಿ ಹಿಡಿದೇ ಕಾರಿನಿಂದ ಇಳಿದು ಬಂದರು.

"ಏನಾತೊ? ಚೈನು ಬಿತ್ತೇನು?"

"ಇಲ್ರಿ ಸರ್. ಚೈನು ಬರಾಬರಿ ಐತ್ರಿ. ನನಗ ಇಳಿಯಾಕ ಆಗೂದಿಲ್ಲ."

"ಅಂದ್ರ?"

"ಅಂಜಿಕಿ ಬರ್ತೈತ್ರಿ. ಮೂರು ಸಲಾನೂ ಚೈನು ನಾನ ಕೆಡವಿದ್ದೆ. ಮಿಸ್ತ್ರಿ ಕಾಕಾಂದು ತಪ್ಪಿಲ್ರಿ."

ಪಡಸಲಗಿಯವರ ಮುಖದ ರಕ್ತ ಇಳಿದುಹೋದದ್ದನ್ನು ಕಂಡೆ. ಕೈಯಲ್ಲಿದ್ದ ರೇಡಿಯೋದಲ್ಲಿ ನಮ್ಮ ಇನ್ನೊಬ್ಬ ಸವಾರ ಏನೋ ಕೇಳುತ್ತಲೇ ಇದ್ದ. ಅವರು ಅದನ್ನು ಆರಿಸಿದರು. ಗುಂಪು ಬಂದು ದಾಟಿತು. ಆಮೇಲೆ, "ಗಾಡಿ ಹತ್ತು, ಹೋಗೂಣು," ಎಂದರು, ಮೆಲ್ಲಗೆ.

"ನಡದು ಇಳೀತೀನ್ರಿ," ಎಂದ ರೇವಣಸಿದ್ದ. "ಒಮ್ಮೆ ನಡದ ನೋಡಬೇಕಾಗೈತ್ರಿ."

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಕಾರು ಹೋಯಿತು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಡಸಲಗಿಯವರು ನನ್ನ ಹತ್ತಿರ ತಪ್ಪಾಯಿತು ಎಂದು ಅನ್ನಲಿಲ್ಲ. ಬರಬೇಡಿ ಎಂದದ್ದನ್ನು ಮತ್ತೆ ಎತ್ತಲೂ ಇಲ್ಲ. ನಾನು ಇನ್ನೂ ಆರು ವರ್ಷ ಅದೇ ತಂಡದಲ್ಲಿದ್ದೆ. ರೇವಣಸಿದ್ದ ಬಯಲಿನ ರೇಸುಗಳಲ್ಲಿ ಎರಡು ವರ್ಷ ಓಡಿ, ಬಿಟ್ಟು, ಹೊಸಬರಿಗೆ ಏರು ಹತ್ತುವುದನ್ನು ಕಲಿಸತೊಡಗಿದ. ಈಗಲೂ ಕಲಿಸುತ್ತಾನೆ.

ಆ ದಿನ ನಾವಿಬ್ಬರೂ ಘಟ್ಟ ನಡೆದೇ ಇಳಿದೆವು. ಸೈಕಲ್ಲು ನಮ್ಮಿಬ್ಬರ ನಡುವೆ ಇತ್ತು. ಅವನು ಗುಡ್ಡದ ಕಡೆ, ನಾನು ಕಂದಕದ ಕಡೆ. ರೇಸಿನ ಕೊನೆಗೆ ಬರುವ ಆಂಬ್ಯುಲೆನ್ಸು ದಾಟಿದ ಮೇಲೆ ರಸ್ತೆ ಬರಿದಾಯಿತು. ಐದನೆಯ ತಿರುವಿನಲ್ಲಿ ಅವನು ನಿಂತ.

"ಕಡಿ ಬಿದ್ದಿರಲಿಲ್ರಿ ಕಾಕಾ," ಎಂದ.

ನಾನೂ ಸೈಕಲ್ಲು ಹಿಡಿದು ನಿಂತೆ.

"ನನ್ನ ಬಾಟ್ಲಿ ಖಾಲಿ ಆಗಿತ್ರಿ. ದಸ್ತ್ಯಾ, ನೀರ ಕೊಡೊ ಅಂತ ಒದರಿದೆ. ಇಲ್ಲಿ, ಈ ತಿರುವಿನ್ಯಾಗ. ಕೆಳಗ ಹೋಗಿ ಕುಡದ್ರ ಆಗ್ತಿತ್ತು. ಅವ ಬಾಟ್ಲಿ ತಗದು, ನನಗ ಕೊಡಾಕ ಹಿಂದ ತಿರಗಿದ."

ಅವನ ಮುಖ ನೋಡಿದೆ. ಅಳುತ್ತಿರಲಿಲ್ಲ. ಹಿಂದಿನ ದಿನ ಕಾರಿನಲ್ಲಿ ಕೂತು ನಾನು ಕಂಡದ್ದಕ್ಕಿಂತ ದೊಡ್ಡ ಆಘಾತ ಇನ್ನೊಂದಿರಲಾರದು ಎಂದು ತಿಳಿದಿದ್ದೆ. ಒಂದು ವರ್ಷ ಇವನು ಇದನ್ನು ಎದೆಯಲ್ಲಿಟ್ಟುಕೊಂಡು ನಮ್ಮ ಜೊತೆ ಉಂಡಿದ್ದ, ಮಲಗಿದ್ದ, ರೇಸಿಗೆ ನಿಂತಿದ್ದ. ಗಟ್ಟಿ ಹುಡುಗ ಎಂದು ಹೇಳಿ ಎದ್ದುಹೋದವರಲ್ಲಿ ನಾನೂ ಒಬ್ಬ. ಏನಾಯಿತು ಎಂದು ಅವನನ್ನು ಕೂರಿಸಿಕೊಂಡು ಕೇಳಿರಲಿಲ್ಲ.

"ದಸ್ತಗೀರನ ಅವ್ವಗ ಹೇಳಿಯೇನು?" ಎಂದು ಕೇಳಿದೆ.

"ಇಲ್ರಿ. ಇವತ್ತು ನಿಮಗ ಹೇಳಿದ್ದ ಮೊದಲ."

"ಹೋಗೂಣು. ನಾನೂ ಬರ್ತೀನಿ."

ಕೆಳಗೆ ಊರಿನಿಂದ ಗೆದ್ದವರ ಹೆಸರು ಕೂಗುವ ಮೈಕಿನ ದನಿ ಗಾಳಿಗೆ ಸಿಕ್ಕು ತುಂಡು ತುಂಡಾಗಿ ಮೇಲೆ ಬರುತ್ತಿತ್ತು. ಅವನು ಹಿಡಿಕೆಯನ್ನು ಒಂದಿಷ್ಟು ಮುಂದಕ್ಕೆ ನೂಕಿದ. ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತ ಉರುಳತೊಡಗಿತು. ನಾವು ಅದರ ಸದ್ದಿಗೆ ಹೆಜ್ಜೆ ಹಾಕುತ್ತ, ತಿರುವಿನಾಚೆ ಬಿಸಿಲಿಗೆ ಬಂದೆವು.