ಒಬ್ಬರಿಗೆ ಜಾಗ

ಕೆಂಪು ದೀಪ ಇನ್ನೂ ಹತ್ತಿಲ್ಲ, ಹೆಡ್‌ಫೋನಿನ ಸ್ಪಂಜಿನಲ್ಲಿ ನಿನ್ನೆ ಯಾರೋ ಕೂತು ಎದ್ದುಹೋದವರ ತೆಂಗಿನೆಣ್ಣೆಯ ವಾಸನೆ, ಉಷಾ ಅದನ್ನು ಕಿವಿಯಿಂದ ಒಂದು ಬೆರಳಷ್ಟು ದೂರ ಹಿಡಿದು ಮೈಕಿನ ಮುಂದೆ ಕೂತಿದ್ದಳು, ಹೊರಗೆ ಚೆನ್ನೈಯ ವಡಪಳನಿಯ ರಸ್ತೆ ಕಾದು ಟಾರು ಚಪ್ಪಲಿಗೆ ಅಂಟುವಷ್ಟು ಬಿಸಿಲು, ಈ ಡಬ್ಬಿಯಂಥ ಕೋಣೆಯೊಳಗೆ ಮಾತ್ರ ಹದಿನೆಂಟು ಡಿಗ್ರಿ, ಭೂಮಿ ಬಿಸಿಯಾಗುತ್ತಿದೆ ಎಂದು ಹೇಳುವುದಕ್ಕೆ ಶಾಲು ಹೊದ್ದು ಕೂರಬೇಕು — ಬೆಳಗಿನಿಂದ ಹಿಮಗಡ್ಡೆ ಕುಸಿಯುವುದನ್ನೇ ಹೇಳಿದ್ದಾಯಿತು, ಕಡಲು ಏರುತ್ತಿದೆ, ಹವಳ ಬೆಳ್ಳಗಾಗುತ್ತಿದೆ, ನಾಲ್ಕು ರೀಲು ಮುಗಿದು ಇನ್ನು ಐದನೆಯದು, ಗಾಜಿನ ಆಚೆ ಡಬ್ಬಿಂಗ್ ಮಾಡಿಸುವ ಅಜಿತ್ ಹೆಬ್ಬೆರಳು ಎತ್ತಿ ತೋರಿಸುತ್ತಾನೆ, ಮೇಡಂ ನಿಮ್ಮ ದನಿ ಅಂದ್ರೆ ದನಿ, ಮೈಸೂರಲ್ಲಿ ನಮ್ಮಮ್ಮ ನಿಮ್ಮ ಏಳು ಪಾಳೆಯ ಕೇಳದೆ ಅಡಿಗೆಮನೆಗೆ ಕಾಲಿಡಲ್ಲ. ಏಳು ಪಾಳೆಯ. ಯಾವುದೋ ಚಳಿದೇಶದವನು ಬರೆದ ಏಳು ಸಂಪುಟ, ಕೋಟೆ, ಪಾಳೆಯಗಾರರು, ಪ್ರತಿ ಸಂಪುಟದಲ್ಲೂ ಒಂದು ಕೋಟೆಯನ್ನು ನುಂಗುತ್ತ ಬರುವ ಕಡಲು, ಅದನ್ನು ಕನ್ನಡಕ್ಕೆ ತರುವುದರಲ್ಲಿ ಅವಳ ಹನ್ನೊಂದು ವರ್ಷ ಹೋಗಿದೆ, ಆಮೇಲೆ ಅವಳದೇ ದನಿಯಲ್ಲಿ ಆಡಿಯೋ, ಆ ದನಿಗಾಗಿಯೇ ಅಜಿತ್ ಅವಳನ್ನು ಈ ಸಾಕ್ಷ್ಯಚಿತ್ರಕ್ಕೆ ಕರೆದಿದ್ದು, ಬರೀ ಓದೋದಲ್ಲ ಮೇಡಂ, ಕನ್ನಡವೂ ನೀವೇ ಮಾಡಿಕೊಡಿ ಎಂದು, ಚಿತ್ರ ಇನ್ನೂ ಬಂದಿಲ್ಲ, ಸದ್ಯಕ್ಕೆ ಇಂಗ್ಲಿಷ್ ಹಾಳೆ ಮಾತ್ರ ಇದೆ ಎಂದು, ಹಾಳೆ ನೋಡಿಕೊಂಡೇ ಅವಳು ಬರೆದುಕೊಟ್ಟಿದ್ದಳು, ಐದನೇ ರೀಲು, ಮೂರನೇ ಸಾಲು: ದೋಣಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ.

ದೀಪ ಹತ್ತಿತು. ತೆರೆಯ ಮೇಲೆ ನೀರು, ಕಂದುನೀರು, ಚೆನ್ನೈ ಅದು, ಯಾವ ಬಡಾವಣೆಯೋ, ಮುಳುಗಿದ ಸ್ಕೂಟರುಗಳ ಕನ್ನಡಿಗಳು, ಅಂಗಡಿಯ ಶಟರಿನ ಅರ್ಧದವರೆಗೆ ನೀರು, ಅವಳು ಮೊದಲ ಸಾಲು ಹೇಳುತ್ತಾಳೆ, ಎರಡನೆಯದನ್ನೂ ಹೇಳುತ್ತಾಳೆ, ದನಿ ನೆಟ್ಟಗಿದೆ, ಆಮೇಲೆ ಎದುರು ಮಹಡಿಯಿಂದ ಹಿಡಿದ ಒಂದು ದೃಶ್ಯ, ಕಿತ್ತಳೆ ಬಣ್ಣದ ದೋಣಿ, ಹಸಿರು ಗೇಟು, ಗೇಟಿನ ಮೇಲೆ ಮಗ್ಗುಲಾದ ಪೋಸ್ಟ್ ಡಬ್ಬಿ — ಆ ಡಬ್ಬಿ ಯಾಕೆ ಮಗ್ಗುಲಾಗಿದೆ ಎನ್ನುವುದು ಅವಳಿಗೆ ಗೊತ್ತು, ಹಾಲಿನವನ ಸೈಕಲ್ಲು ಗುದ್ದಿತ್ತು, ವೆಸ್ಟ್ ಮಾಂಬಲಂನ ಆ ಓಣಿಯಲ್ಲಿ ಅಂಥ ಡಬ್ಬಿ ಒಂದೇ — ದೋಣಿಯಲ್ಲಿ ದೋಣಿಯವನನ್ನು ಬಿಟ್ಟು ನಾಲ್ಕು ಜನ, ಬೆನ್ನು ಬಾಗಿಸಿ ಕೂತ ಒಬ್ಬ ಹೆಂಗಸು, ಅವಳ ತೋಳಿನೊಳಗೆ ನೀಲಿ ಟಾರ್ಪಾಲು ಸುತ್ತಿದ ಒಂದು ಪೆಟ್ಟಿಗೆ, ಪೆಟ್ಟಿಗೆ ಕೂತಿರುವುದು ನೆಲದ ಮೇಲಲ್ಲ, ಹಲಗೆಯ ಮೇಲೆ, ಮನುಷ್ಯರು ಕೂರುವ ಹಲಗೆಯ ಮೇಲೆ. ಮೂರನೇ ಸಾಲು ಬಂತು, ಹೋಯಿತು, ಅವಳ ಬಾಯಿ ತೆರೆಯಲಿಲ್ಲ. ಮೇಡಂ ಮಿಸ್ ಆಯ್ತು, ಪರವಾಗಿಲ್ಲ, ಎಂದ ಅಜಿತ್ ಕಿವಿಯೊಳಗೆ, ಮೋಹನ್, ತಿರುಂಬ ಲೂಪ್ ಪೋಡುಂಗ. ಮೋಹನ್ ಶಬ್ದದ ಇಂಜಿನಿಯರು, ಒಂದು ಗುಂಡಿ ಒತ್ತುತ್ತಾನೆ, ಆರು ಸೆಕೆಂಡಿನ ದೃಶ್ಯ ಮತ್ತೆ ಮೊದಲಿಂದ, ಕಿತ್ತಳೆ ದೋಣಿ, ಹಸಿರು ಗೇಟು, ಪೆಟ್ಟಿಗೆ.

ಮೂರನೇ ಸಂಪುಟದ ಒಂಬೈನೂರು ಹಾಳೆ ಅದರಲ್ಲಿತ್ತು, ಕೈಬರಹ, ನಕಲಿಲ್ಲ, ಜೊತೆಗೆ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಗೀಚಿದ ಇಂಗ್ಲಿಷ್ ಪುಸ್ತಕಗಳು, ಮತ್ತೆ ಬರೆಯಲಾಗುತ್ತಿತ್ತೆ, ಎರಡು ವರ್ಷದ ಕೆಲಸ, ಯಾರೇ ಆಗಿದ್ದರೂ ಎತ್ತಿಕೊಳ್ಳುತ್ತಿದ್ದರು — ಯಾರೇ ಆಗಿದ್ದರೂ ಎಂದು ಎಷ್ಟು ಸಲ ಹೇಳಿಕೊಂಡಿದ್ದಾಳೆ, ಬೆಳಿಗ್ಗೆ ಹಲ್ಲುಜ್ಜುವಾಗ, ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತಾಗ — ಆ ಹಾಳೆಗಳಲ್ಲಿ ಅರ್ಧ ಮಾತು ಸಣ್ಣಮ್ಮನದೇ. ಸಣ್ಣಮ್ಮ ಅಡಿಗೆಗೆ ಇದ್ದವಳು, ಕೊಳ್ಳೇಗಾಲದ ಕಡೆಯವಳು, ಕೆಳಗಿನ ವಾಚ್‌ಮನ್ ಕೋಣೆಯಲ್ಲಿ ಮಲಗುತ್ತಿದ್ದಳು, ಓದು ಬರಹ ಇಲ್ಲ, ಈರುಳ್ಳಿ ಹೆಚ್ಚುತ್ತ ಕಥೆ ಕೇಳುತ್ತಿದ್ದಳು, ಪಾಳೆಯಗಾರನನ್ನು ನಂಬಿ ಅವನ ನೆಲದ ಮೇಲೆ ಬದುಕುವವನಿಗೆ ಏನಂತಾರೆ ಸಣ್ಣಮ್ಮ, ಅಧೀನ ಪ್ರಜೆ ಅಂತ ಬರೆದಿದೀನಿ, ಅದೇನ್ ಮಾತವ್ವ ಅದು, ಒಕ್ಕಲು ಅನ್ನಿ, ದಣಿನ ನಂಬ್ಕಂಡು ಕೂತೋನು ಒಕ್ಕಲು ಕನವ್ವ. ಪಾಳೆಯಗಾರ ಒಕ್ಕಲಿಗೆ ಕೊಡುವ ಭಾಷೆ ಇಂಗ್ಲಿಷಿನಲ್ಲಿ ಒಣಒಣಗಿತ್ತು, ಸಣ್ಣಮ್ಮ ಚಾಕು ಕೆಳಗಿಟ್ಟು ಯೋಚಿಸಿ ಹೇಳಿದಳು, ಹೊಳೆ ಬಂದ್ರೆ ಮೊದ್ಲು ನನ್ ಹೊಸ್ಲು ನೆನೀಲಿ, ಹಿಂಗಂದ್ರೆ ನಂಬ್‌ಬೋದು ಕನವ್ವ ಅವನ. ಪುಸ್ತಕ ಬಿಡುಗಡೆಯ ದಿನ ಅದೇ ಸಾಲಿಗೆ ಸಭೆ ಚಪ್ಪಾಳೆ ತಟ್ಟಿತ್ತು, ಉಷಾ ಕೈಮುಗಿದಿದ್ದಳು.

ಎಂಟು ವರ್ಷದ ಹಿಂದೆ, ನೆರೆ ಬಂದ ಡಿಸೆಂಬರಿನ ಆ ಬೆಳಿಗ್ಗೆ ಗಂಡ ಊರಲ್ಲಿರಲಿಲ್ಲ, ಕರೆಂಟಿಲ್ಲ, ನೀರು ಮೆಟ್ಟಿಲು ಮೆಟ್ಟಿಲೇ ಹತ್ತುತ್ತಿತ್ತು, ಐದು, ಆರು, ಏಳನೆಯದರ ಮೇಲೆ ಜಿರಲೆಗಳು ಸಾಲುಗಟ್ಟಿ ಮೇಲೆ ಬರುತ್ತಿದ್ದವು, ಮೀನುಗಾರರ ದೋಣಿ ಗೇಟಿನೊಳಗೇ ಬಂತು, ಪಕ್ಕದ ಮನೆಯ ಗಂಡಹೆಂಡತಿ ಹತ್ತಿದರು, ಅವಳು ಒಂಬತ್ತು ವರ್ಷದ ಮಗಳು ಮೌನಳನ್ನು ಎತ್ತಿ ಕೂರಿಸಿದಳು, ತಾನು ಹತ್ತಿದಳು, ಇನ್ನೊರುತ್ತರುಕ್ಕು ಇಡಂ ಇರುಕ್ಕು ಎಂದ ದೋಣಿಯವನು, ಒಬ್ಬರಿಗೆ ಜಾಗ ಇದೆ, ಒಬ್ಬರಿಗೆ, ಸ್ಪಷ್ಟವಾಗಿ ಹೇಳಿದ, ಸಣ್ಣಮ್ಮ ಸೊಂಟದ ನೀರಿನಲ್ಲಿ ನಿಂತು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು, ಉಷಾ ಕೈ ಚಾಚಿದಳು, ಚಾಚಿದ್ದು ಪೆಟ್ಟಿಗೆಗೆ. ಕೊಡು. ಹುಷಾರು, ನೆನೆಯಬಾರದು. ನೀನು ಮುಂದಿನ ದೋಣಿಗೆ ಬಾ. ಮೌನ ಅವಳ ಸೆರಗು ಜಗ್ಗಿದಳು, ಅಮ್ಮಾ ಅಂದ ಬಾಕ್ಸ್‌ನ ಇರಕ್ಕಿಡಲಾಮೇ, ಸಣ್ಣಮ್ಮ ಉಕ್ಕಾರಟ್ಟುಂ, ಪೆಟ್ಟಿಗೆ ಇಳಿಸಿಬಿಡಬಹುದಲ್ಲ, ಸಣ್ಣಮ್ಮ ಕೂರಲಿ ಎಂದು, ಸುಮ್ಮನಿರು ಮೌನ, ಎಂದು ಉಷಾ ಗದರಿ ಟಾರ್ಪಾಲಿನ ತುದಿ ಸಿಕ್ಕಿಸಲು ಬಗ್ಗಿದಳು, ದೋಣಿ ಒಮ್ಮೆ ಜಗ್ಗಿತು, ಆಮೇಲೆ ಹೊರಟಿತು. ಅವಳು ತಿರುಗಿ ನೋಡಲಿಲ್ಲ, ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಸಣ್ಣಮ್ಮನೇ ದೋಣಿ ತಳ್ಳಿ ಕಳಿಸಿದಳು ಎಂದು ಆಮೇಲೆ ಉಷಾ ಎಲ್ಲರಿಗೂ ಹೇಳಿದ್ದಾಳೆ, ನೀವು ನಡೀರಿ ಅವ್ವ ಅಂತ ತಳ್ಳಿದಳು, ಅಂಥ ಜೀವ ಅದು, ಹೇಳುತ್ತ ಹೇಳುತ್ತ ಅದು ಕಣ್ಣಾರೆ ಕಂಡದ್ದೇ ಆಗಿಹೋಗಿದೆ. ಮುಂದಿನ ದೋಣಿ ಬರಲಿಲ್ಲ. ಮಹಡಿಯ ಮನೆಗೆ ಬೀಗ ಹಾಕಿ ಕೀಲಿ ಪರ್ಸಿಗೆ ಹಾಕಿಕೊಂಡಿದ್ದು ನೆನಪಾದದ್ದು ಶೋಳಿಂಗನಲ್ಲೂರಿನಲ್ಲಿ ಗೆಳತಿಯ ಹನ್ನೊಂದನೇ ಮಹಡಿಯಲ್ಲಿ, ಬಿಸಿ ಕಾಫಿ ಕೈಯಲ್ಲಿ ಹಿಡಿದಾಗ. ಮೂರನೇ ದಿನ ಬಂದು ನೋಡಿದರೆ ಸಣ್ಣಮ್ಮ ಬೀಗದ ಬಾಗಿಲಿನ ಮುಂದೆ ಕೂತಿದ್ದಳು, ಮೆಟ್ಟಿಲಿನ ಕೆಸರನ್ನೆಲ್ಲ ತೊಳೆದಿಟ್ಟಿದ್ದಳು, ಬಂದ್ರಾ ಅವ್ವ ಎಂದಳು, ಅಷ್ಟೆ. ಆಮೇಲೆಯೂ ಸಾರು ಅದೇ ರುಚಿ, ಮುಖದಲ್ಲಿ ಸಿಟ್ಟಿಲ್ಲ, ಆದರೆ ನೊಗದ ಹಗ್ಗಕ್ಕೆ ಏನಂತಾರೆ ಸಣ್ಣಮ್ಮ ಎಂದರೆ, ನಂಗ್ಯಾಕ್ ಗೊತ್ತಾದದವ್ವ. ಕೋಟೆಯ ಕಂಡಿಗೆ, ನಂಗ್ ಗೊತ್ತಿಲ್ಲ ಕನವ್ವ. ಗೊತ್ತಿದ್ದ ಮಾತುಗಳೆಲ್ಲ ಎರಡು ರಾತ್ರಿಯಲ್ಲಿ ತೀರಿಹೋದ ಹಾಗೆ. ಯುಗಾದಿಗೆ ತಂಗಿಯ ಮನೆಗೆ ಹೋಗಿ ಬರುತ್ತೇನೆಂದು ಹೋದವಳು ಬರಲಿಲ್ಲ, ಈಗಲೂ ಅಲ್ಲೇ ಇದ್ದಾಳಂತೆ. ಮೌನ ಈಗ ಹನ್ನೆರಡನೇ ಕ್ಲಾಸು, ತಾಯಿಯ ಪುಸ್ತಕ ಮುಟ್ಟುವುದಿಲ್ಲ, ಕನ್ನಡ ಓದೋಕೆ ಬರಲ್ಲಮ್ಮಾ ಎನ್ನುತ್ತಾಳೆ, ಬರುತ್ತದೆ.

ನಾಲ್ಕನೇ ಟೇಕು. ದೋಣಿಯಲ್ಲಿ ಎಲ್ಲರಿಗೂ, ಎಂದು ಅವಳ ದನಿ ನಿಂತುಹೋಯಿತು. ಈ ಚಿತ್ರ ಕನ್ನಡದ ಟಿವಿಯಲ್ಲಿ ಬರುತ್ತದೆ, ಶಾಲೆಗಳಲ್ಲಿ ತೋರಿಸುತ್ತಾರೆ, ಕೊಳ್ಳೇಗಾಲದಲ್ಲೂ ತೋರಿಸುತ್ತಾರೆ, ಸಣ್ಣಮ್ಮ ಈ ದನಿಯನ್ನು ಗುರುತು ಹಿಡಿಯದೆ ಇರುತ್ತಾಳೆಯೇ, ಆ ಗೇಟು, ಆ ಪೆಟ್ಟಿಗೆ ನೋಡುತ್ತ ಈ ದನಿಯಲ್ಲಿ ಈ ಸಾಲು ಕೇಳುತ್ತಾಳೆ. ಅಜಿತ್, ಈ ಸಾಲು ಸುಳ್ಳು. ಏನ್ ಮೇಡಂ? ಜಾಗ ಇತ್ತು. ಮೇಡಂ, ಅದು ಚಿತ್ರ ಮಾಡಿದವರ ಸ್ಕ್ರಿಪ್ಟು, ಅಪ್ರೂವ್ ಆಗಿರೋದು, ನಾವು ಬದಲಾಯಿಸೋಕಾಗಲ್ಲ. ಆ ಪೆಟ್ಟಿಗೆ ಹಿಡ್ಕೊಂಡಿರೋದು ನಾನು, ಅಜಿತ್. ಗಾಜಿನ ಆಚೆ ಅಜಿತ್ ತೆರೆಯನ್ನು ನೋಡಿ ಅವಳನ್ನು ನೋಡಿ ಮತ್ತೆ ತೆರೆಯನ್ನು ನೋಡಿದ, ಪೆಟ್ಟಿಗೇಲಿ ಏನಿತ್ತು ಎಂದು ಮೆಲ್ಲಗೆ ಕೇಳಿದ. ಏಳು ಪಾಳೆಯ. ನಿಮ್ಮ ತಾಯಿ ಕೇಳ್ತಾರಲ್ಲ, ಅದು. ಅವನು ಕನ್ನಡಕ ತೆಗೆದು ಒರೆಸುತ್ತ ಹೇಳಿದ, ಸಾಲು ಬೇಡ ಮೇಡಂ, ಅವರಿಗೆ ನಾನು ಬರೀತೀನಿ, ಅಲ್ಲಿವರೆಗೆ ಆ ಆರು ಸೆಕೆಂಡು ಖಾಲಿ ಬಿಡೋಣ, ಬರೀ ನೀರಿನ ಶಬ್ದ. ಖಾಲಿ ಬಿಟ್ಟರೆ ಆಯಿತೇ, ಇಷ್ಟು ವರ್ಷ ಖಾಲಿಯೇ ಬಿಟ್ಟದ್ದಲ್ಲವೆ. ಬೇಡ ಅಜಿತ್, ಒಬ್ಬರಿಗೆ ಜಾಗವಿತ್ತು ಅಂತ ಹೇಳ್ತೀನಿ, ಆ ಆರು ಸೆಕೆಂಡಿನ ಅಳತೆಗೆ ಸರಿಯಾಗತ್ತೆ, ನನ್ನ ಹೆಸರು ಬೇಕಾದರೂ ಹಾಕಿ. ಕೆಂಪು ದೀಪ ಹತ್ತಿತು. ಒಬ್ಬರಿಗೆ ಜಾಗವಿತ್ತು, ಎಂದಳು, ದನಿ ಅವಳದಲ್ಲದ ಹಾಗೆ ಒರಟಾಗಿ ಬಂತು, ಮೋಹನ್ ತಲೆಯಾಡಿಸಿ ಅದನ್ನು ಹಾಗೇ ಇಟ್ಟುಕೊಂಡ.

ಆಗಲೇ ಅವಳು ಅದನ್ನು ನೋಡಿದ್ದು, ಐದು ಸಲ ಕಣ್ಣೆದುರು ಹಾದುಹೋಗಿ ಪೆಟ್ಟಿಗೆಯ ನೀಲಿಯಲ್ಲಿ ಮರೆಯಾಗಿದ್ದು, ದೃಶ್ಯದ ಕೊನೆಯಲ್ಲಿ, ದೋಣಿಯ ಹಿಂದಿನ ಅಂಚಿನ ಮೇಲೆ ಒಂದು ಕೈ. ಮೋಹನ್, ಒವ್ವೊರು ಫ್ರೇಮಾ ಪೋಡುಂಗ, ಒಂದೊಂದೇ ಫ್ರೇಮು ಹಾಕಿ, ಎಂದಳು, ಅವಳಿಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು, ನೀರು ತಡೆತಡೆದು ಚಲಿಸಿತು, ದೋಣಿ ಒಂದು ಕೂದಲೆಳೆಯಷ್ಟು ಮುಂದೆ, ಇನ್ನೊಂದಷ್ಟು, ತಳ್ಳುವ ಕೈಯಾದರೆ ಅಂಗೈ ಅಗಲವಾಗಿರಬೇಕು, ಬೆರಳು ನೆಟ್ಟಗಿರಬೇಕು, ತಳ್ಳಿದಳಲ್ಲವೆ, ನಡೀರಿ ಅವ್ವ ಅಂದಳಲ್ಲವೆ, ದೋಣಿ ಜಗ್ಗಿದ್ದು ಅದಕ್ಕೇ ಅಲ್ಲವೆ, ಇನ್ನೊಂದು ಫ್ರೇಮು, ಒದ್ದೆ ಬಳೆ, ಇನ್ನೊಂದು, ಉಗುರಿಗೆ ಅಂಟಿದ ಅರಿಶಿನ, ಕೈ ಅಂಚಿನ ಒಳಕ್ಕೆ ಮಡಿಚಿದೆ, ನಾಲ್ಕು ಬೆರಳು ಒಳಗೆ, ಹೆಬ್ಬೆರಳು ಹೊರಗೆ, ಗೆಣ್ಣುಗಳು ಬೆಳ್ಳಗಾಗಿವೆ, ಇನ್ನೊಂದು ಫ್ರೇಮು, ಇಲ್ಲ ಮೇಡಂ ಅವ್ವಳವುದಾನ್, ಎಂದ ಮೋಹನ್, ಅಷ್ಟೇ ಇರುವುದು, ಇದೇ ಕೊನೆಯದು, ನಾಲ್ಕು ಬೆರಳು ಒಳಗೆ, ಹಿಡಿದಿದೆ, ದೋಣಿಯನ್ನು ಹಿಡಿದಿದೆ, ಆ ಕೈ —