ಹಾಲಿಲ್ಲದ ಕೊಂಡ

ನಮ್ಮಮ್ಮ ಅಕ್ಕಯಮ್ಮನಿಗೆ ನಾನು ಬದುಕಿನಲ್ಲಿ ಒಂದೇ ಸಲ ಮೋಸ ಮಾಡಿದ್ದು. ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದೆನೆಂದರೆ, ಅಷ್ಟು ಶ್ರದ್ಧೆಯನ್ನು ಕೆಲಸದ ಮೇಲೆ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಹೊಸೂರಿನಲ್ಲಿ ಎರಡು ಅಂಗಡಿ ಇಟ್ಟಿರುತ್ತಿದ್ದೆ.

ಬಾಗಲೂರಿನಲ್ಲಿ ನನ್ನದೊಂದು ಸೌಂಡ್ ಅಂಡ್ ಲೈಟ್ಸ್ ಅಂಗಡಿ ಇದೆ. ಮೂರು ವರ್ಷದ ಹಿಂದೆ ಸೂಳಗಿರಿ ಹತ್ತಿರ ನನ್ನ ಟೆಂಪೋ ನಿಂತಿದ್ದ ಲಾರಿಗೆ ಗುದ್ದಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದೆ. ಮಗ ಕಣ್ಣು ಬಿಟ್ಟರೆ ಕೊಂಡ ಹಾಯುತ್ತೇನೆ ಎಂದು ಅಮ್ಮ ನಮ್ಮೂರ ದ್ರೌಪತಮ್ಮನಿಗೆ ಹರಕೆ ಹೊತ್ತಳು. ಹನ್ನೆರಡನೆಯ ದಿನ ಕಣ್ಣು ಬಿಟ್ಟೆ.

ವರ್ಷಕ್ಕೊಮ್ಮೆ ಹಬ್ಬದಲ್ಲಿ ಗುಡಿಯ ಮುಂದೆ ಉದ್ದಕ್ಕೆ ಗುಂಡಿ ತೋಡಿ ಕೆಂಡ ಹಾಸುತ್ತಾರೆ. ಹರಕೆ ಹೊತ್ತವರು ಅರಿಶಿನದ ಬಟ್ಟೆ ಉಟ್ಟು ಬರಿಗಾಲಲ್ಲಿ ಅದರ ಮೇಲೆ ನಡೆದು, ಆಚೆ ಕೊನೆಯ ಹಾಲುಗುಂಡಿಗೆ ಕಾಲಿಟ್ಟರೆ ಹರಕೆ ತೀರಿದ ಹಾಗೆ. ಅಮ್ಮನಿಗೋ ಸಕ್ಕರೆ ಕಾಯಿಲೆ, ಪಾದಗಳಿಗೆ ಸ್ಪರ್ಶವೇ ಇಲ್ಲ. ಒಮ್ಮೆ ಚಪ್ಪಲಿಯಲ್ಲಿದ್ದ ಮೊಳೆ ಸಂಜೆಯವರೆಗೂ ಚುಚ್ಚಿದ್ದು ಗೊತ್ತಾಗದೆ, ಗಾಯ ಮಾಗಲು ಐದು ತಿಂಗಳು ಹಿಡಿಯಿತು. ಕೆಂಡ ತುಳಿದರೆ ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಮ್ಮನಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಎರಡು ವರ್ಷ ‘ಬರೋ ವರ್ಷ ನೋಡಣ’ ಎಂದು ತಳ್ಳಿದೆ. ಈ ವರ್ಷ ಅವಳೇ ಅರಿಶಿನದ ಸೀರೆ ತಂದು ಗೂಟಕ್ಕೆ ನೇತುಹಾಕಿದಳು. ನನ್ನ ಜೀವ ಉಳಿಸಿದ ಹರಕೆ ತೀರಿಸದೆ ಸತ್ತರೆ ಎನ್ನುವ ಭಯ ಅವಳನ್ನು ತಿನ್ನುತ್ತಿತ್ತು.

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟ ನಾನೇ. ಹಬ್ಬಕ್ಕೆಂದು ಬೆಂಕಿಯ ಜ್ವಾಲೆಯಂತೆ ಬೆಳಕು ಬೀರುವ ಹೊಸ ಎಲ್‌ಇಡಿ ಲೈಟೊಂದನ್ನು ತಂದಿದ್ದೆ. ಅದು ಕಣ್ಣಿಗೆ ಬಿದ್ದ ದಿನವೇ ಈ ಉಪಾಯ ಹೊಳೆಯಿತು. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಮಸುಕು ಮಸುಕಾಗಿ ಕಾಣುತ್ತದೆ. ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಇನ್ನೇನು ಬೇಕು?

“ಈ ವರ್ಷ ವಯಸ್ಸಾದೋರ್ಗೆ ಬೇರೆ ಕೊಂಡ ಕಣಮ್ಮ. ಶನಿವಾರ ಮಧ್ಯಾಹ್ನ, ಭಜನೆ ಮನೇಲಿ. ನೂಕುನುಗ್ಗಲು ಇರಲ್ಲ,” ಅಂದೆ. ಅಮ್ಮ ನಂಬಿದಳು. ಮಗನ ಮಾತಲ್ಲವೇ.

ಪೂಜಾರಿ ಗೋಪಾಲಪ್ಪನವರಿಗೆ ಹೇಳಲಿಲ್ಲ. ಅವರ ತಮ್ಮ ಸುರೇಂದ್ರ ನನ್ನ ಗೆಳೆಯ, ಅವನೇ ಭಜನೆ ಮನೆಯ ಬೀಗದ ಕೈ ಕೊಟ್ಟ. ಶನಿವಾರ ಬೆಳಗ್ಗೆಯೇ ಹೋಗಿ ಕಿಟಕಿಗಳಿಗೆ ಟಾರ್ಪಾಲು ಕಟ್ಟಿ, ನೆಲದ ಮೇಲೆ ಮರಳು, ಅದರ ಮೇಲೆ ಬೂದಿ ಹರಡಿದೆ. ಲೈಟನ್ನು ತೊಲೆಗೆ ತಲೆಕೆಳಗಾಗಿ ಬಿಗಿದೆ. ಅದರೊಳಗೆ ಎರಡು ಅಂಕುಡೊಂಕಿನ ಗಾಜಿನ ಬಿಲ್ಲೆಗಳು ಒಂದರ ಮುಂದೊಂದು ತಿರುಗುತ್ತವೆ, ಬೆಳಕು ಅವುಗಳನ್ನು ಹಾದು ಬಂದಾಗ ಜ್ವಾಲೆಯಾಗುತ್ತದೆ. ಮೊದಲು ಹಚ್ಚಿದಾಗ ಜ್ವಾಲೆ ನನ್ನ ಕಡೆಗೇ ಹರಿದುಬಂತು. ಬಿಲ್ಲೆಗಳನ್ನು ಉಲ್ಟಾ ತಿರುಗಿಸಿದೆ. ವೇಗ ಜಾಸ್ತಿಯಾಗಿ ಕೆರೆಯ ನೀರು ಅಲುಗಿದಂತೆ ಕಂಡಿತು, ಇಳಿಸಿದೆ. ಹಸಿರು ಬಣ್ಣ ಪೂರ್ತಿ ತೆಗೆದು, ಕೆಂಪು ಏರಿಸಿ, ಹಳದಿ ಚೂರೇ ಚೂರು ಬಿಟ್ಟೆ. ಕೊನೆಗೆ ಲೆನ್ಸ್ ತಿರುಗಿಸಿ ಅಂಚುಗಳನ್ನು ಮಸುಕು ಮಾಡಿದಾಗ ಬೂದಿಯ ಮೇಲೆ ಕೆಂಡ ಉಸಿರಾಡತೊಡಗಿತು. ಸುರೇಂದ್ರ ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಎಂಥ ಹೆಮ್ಮೆ ಅಂತೀರಿ. ಆ ಹೆಮ್ಮೆಯನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ನನ್ನ ಹೆಂಡತಿ ಭಾನು ಅಮ್ಮನನ್ನು ಕರೆತಂದಳು. ಕೆಂಡ ಚಟಪಟ ಅನ್ನುವ ಸದ್ದನ್ನು ಸ್ಪೀಕರಿನಲ್ಲಿ ಬಿಟ್ಟೆ. ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಸುರೇಂದ್ರ ತಮಟೆ ಬಡಿದ. ಅಮ್ಮ ಕೈಮುಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ತಾಯೀ, ನನ್ ಮಗನ್ನ ಕೊಟ್ಯಲ್ಲವ್ವಾ” ಎಂದು ಬೂದಿಯ ಮೇಲೆ ಹೆಜ್ಜೆ ಇಟ್ಟಳು. ಕೆಂಪು ಬೆಳಕು ಅವಳ ಸೀರೆಯ ಮೇಲೆಲ್ಲ ಆಡಿತು. ನಾಲ್ಕನೆಯ ಹೆಜ್ಜೆಗೆ ಒಂದು ಕ್ಷಣ ನಿಂತಳು. ಆಮೇಲೆ ನಿಧಾನವಾಗಿ ನಡೆದು ಮುಗಿಸಿದಳು.

ಆಚೆ ಕೊನೆಗೆ ಹೋಗಿ, ಒಂದು ಕಾಲು ಮುಂದೆ ಚಾಚಿಕೊಂಡು ಹಾಗೇ ನಿಂತಳು.

“ಹಾಲೆಲ್ಲಿ?” ಅಂದಳು.

ಭಾನು ನನ್ನ ಮುಖ ನೋಡಿದಳು. ಬೆಂಕಿಯ ಬಣ್ಣ, ಸದ್ದು, ಹೊಗೆ ಎಲ್ಲ ನೆನಪಿತ್ತು. ಒಂದು ಚೊಂಬು ಹಾಲು ನೆನಪಿರಲಿಲ್ಲ.

“ವಯಸ್ಸಾದೋರು ಜಾರ್ತಾರೆ ಅಂತ ಹಾಲು ಬ್ಯಾಡ ಅಂದ್ರು ಕಣಮ್ಮ,” ಅಂದೆ.

“ಹೌದಾ,” ಎಂದು ಅಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡಳು.

ಹೊಸ ಪಾತ್ರೆ ಕೊಂಡರೂ ಬೀದಿಗೆಲ್ಲ ಹೇಳಿ ಬರುವವಳು ನಮ್ಮಮ್ಮ. ಅವತ್ತು ಕೊಂಡ ಹಾಯ್ದ ವಿಷಯವನ್ನು ಪಕ್ಕದ ಮನೆಗೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ “ಉಪ್ಪು ಕಮ್ಮಿ ಆಗೈತೆ” ಎಂದಳಷ್ಟೇ, ನಾನು ಮುದ್ದೆ ಮುರಿಯುವುದನ್ನು ಬಿಟ್ಟು ಅವಳ ಮುಖ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನನ್ನು ಯಾರೂ ಏನೂ ಅನ್ನದೆಯೇ ನೋಡಿಕೊಳ್ಳುತ್ತಿದ್ದೆ.

ಭಾನುವಾರ ನಿಜವಾದ ಕೊಂಡ. ಅದೇ ಲೈಟನ್ನು ಗುಡಿಯ ಕಮಾನಿಗೆ ಕಟ್ಟಿದ್ದೆ. ನಾಲ್ಕು ದಿಕ್ಕಿಗೂ ಸ್ಪೀಕರು. ಗೋಪಾಲಪ್ಪನವರ ಶಲ್ಯಕ್ಕೆ ಚಿಕ್ಕ ಮೈಕು ಸಿಕ್ಕಿಸಿ, “ಮುಟ್ಬ್ಯಾಡಿ ಪೂಜಾರಪ್ಪ, ನೀವ್ ಉಸುರಾಡಿದ್ರೂ ಊರಿಗೆಲ್ಲ ಕೇಳ್ತದೆ” ಎಂದು ಬೀಗಿದ್ದೆ. ಸಂಜೆ ಇಪ್ಪತ್ತಮೂರು ಜನ ಹಾಯ್ದು ಹಾಲಿಗೆ ಕಾಲಿಟ್ಟರು.

ಅದಾದ ಮೇಲೆ ತಪ್ಪುಕಾಣಿಕೆ. ಹರಕೆ ತೀರಿಸಲಾಗದವರು ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಗಂಟು ಕಟ್ಟಿ ತರುತ್ತಾರೆ. ಪೂಜಾರಿ ‘ಏನು ತಪ್ಪು?’ ಅನ್ನಬೇಕು, ಅವರು ಬಾಯಿಬಿಟ್ಟು ಹೇಳಿ ಗಂಟನ್ನು ತಟ್ಟೆಗೆ ಹಾಕಬೇಕು. ನಮ್ಮೂರ ಪದ್ಧತಿ. ಸೌಂಡ್ ಮಿಕ್ಸರಿನ ಮುಂದೆ ಕೂತಿದ್ದವನು ತಲೆ ಎತ್ತಿ ನೋಡಿದರೆ, ಆ ಸಾಲಿನ ಕೊನೆಯಲ್ಲಿ ಅಮ್ಮ. ಓಡಿಹೋಗಿ ಮೊಣಕೈ ಹಿಡಿದೆ.

“ಇಲ್ಲಿಗ್ಯಾಕೆ ಬಂದೆ? ನಿನ್ ಹರಕೆ ತೀರ್ತಲ್ಲ.”

“ಲೈಟ್ ಮ್ಯಾಲೆ ನಡುದ್ರೆ ತೀರ್ತದೇನಪ್ಪಾ?”

ಹಿಡಿದಿದ್ದ ಮೊಣಕೈ ಬಿಟ್ಟೆ.

“ನಡೀವಾಗ ಮುಖಕ್ಕೆ ಬಿಸಿ ಹೊಡೀಲಿಲ್ಲ. ಹಾಲಾದ್ರೂ ಮಡಗಿರ್ತಾನೇನೋ ಅಂದ್ಕಂಡೆ. ಅದೂ ಇಲ್ಲ.”

“ಮತ್ಯಾಕೆ ಸುಮ್ಕಿದ್ದೆ?”

“ಭಾನು ಮುಂದೆ, ಆ ಸುರೇಂದ್ರನ ಮುಂದೆ ನಿನ್ ಮಾನ ಕಳೀಲಾ?”

“ಕಾಲು ತೆಗೀಬೇಕಾಯ್ತದೆ ಅಂದ್ರಮ್ಮ ಡಾಕ್ಟ್ರು.”

“ಅದನ್ನ ನಂಗೆ ಹೇಳ್ಬೇಕಿತ್ತು ಕಣ್ಲಾ. ಆಗ್ದೋರ್ಗೆ ಅಂತ್ಲೇ ಆ ತಾಯಿ ಈ ದಾರಿ ಮಡಗವ್ಳೆ. ಅವ್ಳು ನಿನ್ನ ನಿಜವಾಗ್ಲೂ ಉಳ್ಸಿದ್ಲು. ನೀನು ಅವ್ಳಿಗೆ ಲೈಟು ತೋರ್ಸ್ದೆ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎರಡು ಗಂಟುಗಳಿದ್ದವು. ಒಂದನ್ನು ನನ್ನ ಕೈಗೆ ಒತ್ತಿ, “ಇದು ನಿಂದು” ಅಂದಳು.

ಅವಳ ಸರದಿ ಬಂತು. “ಕೊಂಡ ಹಾಯ್ತೀನಿ ಅಂದಿದ್ದೆ ತಾಯಿ. ಕಾಲಾಗಲ್ಲ. ತಪ್ಪಾಯ್ತು,” ಅಂದಳು. ನನ್ನ ವಿಷಯ ಒಂದು ಮಾತೂ ಇಲ್ಲ.

“ನಿಂದೇನಪ್ಪಾ ಕುಮಾರೇಶ? ಏನು ತಪ್ಪು?” ಎಂದರು ಗೋಪಾಲಪ್ಪ. ಅವರ ದನಿ ನಾಲ್ಕು ದಿಕ್ಕಿಗೂ ಮೊಳಗಿದಾಗಲೇ ಮೈಕಿನ ನೆನಪಾದದ್ದು. ಆಚೆ ಬದಿಯಲ್ಲಿ ತಮಟೆ ಹಿಡಿದಿದ್ದ ಸುರೇಂದ್ರ ನನ್ನನ್ನೇ ನೋಡುತ್ತಿದ್ದ. ಊರೂ ನೋಡುತ್ತಿತ್ತು. ಮೈಕು ಆರಿಸೋಣವೆಂದರೆ ಮಿಕ್ಸರು ದೂರವಿತ್ತು. ಮೈಕನ್ನು ಅಂಗೈಯಿಂದ ಮುಚ್ಚಿದರೂ ಸಾಕಿತ್ತು. ಮುಚ್ಚಲು ಕೈ ಎತ್ತಿದೆ. ಪಕ್ಕದಲ್ಲಿ ಅಮ್ಮ ಪೊರೆ ಬಂದ ಕಣ್ಣುಗಳಿಂದ ನನ್ನ ಕಡೆಗೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಕಾಣುತ್ತಿತ್ತೋ.

ಕೈ ಇಳಿಸಿದೆ.

“ಹರಕೆ ಹೊತ್ತ ನಮ್ಮಮ್ಮನ್ನ ಸುಳ್ಳು ಬೆಂಕಿ ಮ್ಯಾಲೆ ನಡ್ಸ್ದೆ,” ಅಂದೆ.

ನನ್ನವೇ ನಾಲ್ಕು ಸ್ಪೀಕರುಗಳು ಅದನ್ನು ಒಂದಕ್ಷರವೂ ಬಿಡದೆ ಊರಿಗೆಲ್ಲ ಹೇಳಿದವು. ನಾನು ತಲೆ ತಗ್ಗಿಸಿ ಗಂಟನ್ನು ತಟ್ಟೆಗೆ ಹಾಕಿದೆ.